ದಾರಿ ತಪ್ಪಿದ ವಿಮಾನವೂ ದಾರಿ ತಪ್ಪಿದ ರಾಜ್ಯಗಳೂ

ನೆಲದ ಮೇಲೆ ನಡೆಯುವವನು ಹಾದಿ ತಪ್ಪಿದರೆ ಎದುರಿಗೆ ಬಂದವರನ್ನು ಕೇಳಿ ತಿದ್ದಿಕೊಳ್ಳುವನು. ಕಡಲಿನಲ್ಲಿ ಹೋಗುವವನಿಗೆ ಆ ಅನುಕೂಲತೆಯಿಲ್ಲ. ಆದರೂ ಹಡಗು ನಿಧಾನವಾಗಿ ಸಾಗುವದರಿಂದ ನಕ್ಷತ್ರಗಳನ್ನು ನೋಡಿ, ಲೆಕ್ಕ ಹಾಕಿ, ವಿಚಾರ ಮಾಡುವದಕ್ಕೆ ಅವನಿಗೆ ವೇಳೆಯಾದರೂ ದೊರೆಯುವದು. ಗಂಟೆಗೆ ಒಂಬತ್ತುನೂರು ಕಿಲೋಮೀಟರ್ ವೇಗದಿಂದ ಮೋಡಗಳ ಮೇಲೆ ಇರುಳಿನಲ್ಲಿ ಹಾರುವ ವೈಮಾನಿಕನಿಗೆ ಕೇಳಲು ದಾರಿಹೋಕರಿಲ್ಲ, ವಿಚಾರಿಸಲು ವೇಳೆಯೂ ಬಹಳವಿಲ್ಲ. ಅವನು ತನ್ನ ಯಂತ್ರಗಳನ್ನು ನಂಬಬೇಕು. ನಂಬುತ್ತಲೇ ಅವುಗಳನ್ನು ಪರೀಕ್ಷಿಸುತ್ತಲೂ ಇರಬೇಕು. ಈ ಎರಡನೆಯ ಕರ್ತವ್ಯವು ಮೊದಲನೆಯದಕ್ಕಿಂತ ಕಠಿಣವಾದದ್ದು. ಹಿಡಿದ ದಿಕ್ಕು ಒಂದೇ ಒಂದು ಡಿಗ್ರಿಯಷ್ಟು ತಪ್ಪಿದರೆ ಅರುವತ್ತು ಮೈಲು ಸಾಗುವಷ್ಟರಲ್ಲಿ ವಿಮಾನವು ಒಂದು ಮೈಲು ಪಕ್ಕಕ್ಕೆ ಸರಿದಿರುವದು. ಹೀಗೆ ಹೊರಟಾಗ ಕಣ್ಣಿಗೆ ಕಾಣದಿದ್ದ ತಪ್ಪು ತಲುಪುವ ಹೊತ್ತಿಗೆ ಒಂದು ದೇಶವನ್ನೇ ದಾಟಿರಬಹುದು.

ಇಂಥ ಒಂದು ತಪ್ಪು ೧೯೮೩ನೆಯ ಇಸವಿಯಲ್ಲಿ ೨೬೯ ಜನರ ಪ್ರಾಣಗಳನ್ನು ಬಲಿತೆಗೆದುಕೊಂಡಿತು. ಲೋಕದ ಎರಡು ಮಹಾರಾಜ್ಯಗಳನ್ನು ಕಾಳಗದ ಅಂಚಿನತ್ತ ತಳ್ಳಿತು. ಇಂದು ನಾವು ಅಂಗೈಯಲ್ಲಿ ಹಿಡಿದು ತಿರುಗುವ ದಾರಿಸೂಚಕ ಯಂತ್ರದ ಹಿಂದೆಯೂ ಅದರ ನೆರಳಿದೆ. ಆ ಕಥೆಯನ್ನು ಬಲ್ಲವರು ನಮ್ಮಲ್ಲಿ ಅನೇಕರಿರಬಹುದು. ಆದರೆ ಅದರಲ್ಲಿರುವ ಬೋಧೆಯು ಬರಿಯ ವೈಮಾನಿಕರಿಗಾಗಿ ಇರುವದಲ್ಲ; ಕಾಗದಪತ್ರಗಳಿಗೆ ಸಹಿ ಹಾಕುವ ಪ್ರತಿಯೊಬ್ಬ ಅಧಿಕಾರಿಗೂ, ಅಧಿಕಾರಿಗಳನ್ನು ನಂಬಿ ಬದುಕುವ ಪ್ರತಿಯೊಬ್ಬ ನಾಗರಿಕನಿಗೂ ಸಂಬಂಧಿಸಿದ್ದು. ಆದುದರಿಂದ ಅದನ್ನು ತುಸು ವಿಸ್ತಾರವಾಗಿ ವಾಚಕರ ಮುಂದಿಡುತ್ತೇವೆ.

ಇರುಳಿನ ಪಯಣ

ಕೊರಿಯನ್ ಏರ್ ಲೈನ್ಸ್ ಸಂಸ್ಥೆಯ ೦೦೭ ಸಂಖ್ಯೆಯ ವಿಮಾನವು ನ್ಯೂಯಾರ್ಕಿನಿಂದ ಹೊರಟು, ಅಲಾಸ್ಕಾ ಪ್ರಾಂತದ ಆಂಕರೇಜ್ ಪಟ್ಟಣದಲ್ಲಿ ಇಂಧನ ತುಂಬಿಕೊಂಡು, ದಕ್ಷಿಣ ಕೊರಿಯದ ರಾಜಧಾನಿಯಾದ ಸೋಲ್ ನಗರಕ್ಕೆ ಹೋಗತಕ್ಕದ್ದಾಗಿತ್ತು. ಅದು ಬೋಯಿಂಗ್ ೭೪೭ ಎಂಬ ಭಾರಿ ಜಾತಿಯ ವಿಮಾನ. ೨೪೬ ಪ್ರಯಾಣಿಕರು, ೨೩ ಸಿಬ್ಬಂದಿಯವರು ಅದರಲ್ಲಿದ್ದರು. ತಾಯಂದಿರ ಮಡಿಲಲ್ಲಿ ಮಲಗಿದ ಮಕ್ಕಳಿದ್ದರು. ಅಮೇರಿಕೆಯ ಶಾಸನಸಭೆಯ ಸದಸ್ಯರಾದ ಲ್ಯಾರಿ ಮೆಕ್‌ಡೊನಾಲ್ಡ್ ಎಂಬವರೂ ಇದ್ದರು. ಮುಖ್ಯ ವೈಮಾನಿಕನಾದ ಚುನ್ ಬ್ಯುಂಗ್-ಇನ್ ಹತ್ತು ಸಾವಿರ ಗಂಟೆಗಳಿಗಿಂತ ಹೆಚ್ಚು ಕಾಲ ಆಕಾಶದಲ್ಲಿ ಕಳೆದ ಅನುಭವಿ. ಹವೆಯು ಪ್ರಶಾಂತವಾಗಿತ್ತು. ಯಂತ್ರಗಳಲ್ಲಿ ದೋಷವಿರಲಿಲ್ಲ. ಭಯಪಡತಕ್ಕ ಕಾರಣ ಯಾವದೂ ಇರಲಿಲ್ಲ.

ಆಗಸ್ಟ್ ೩೧ರ ನಸುಕಿನಲ್ಲಿ ವಿಮಾನವು ಆಂಕರೇಜನ್ನು ಬಿಟ್ಟಿತು. ಅದಕ್ಕೆ ಗೊತ್ತುಪಡಿಸಿದ ಹಾದಿಗೆ ರೋಮಿಯೊ ೨೦ ಎಂಬ ಹೆಸರು. ಉತ್ತರ ಪ್ರಶಾಂತ ಸಾಗರದ ಮೇಲಿನ ಐದು ಸಮಾನಾಂತರ ಮಾರ್ಗಗಳಲ್ಲಿ ಅದು ಎಲ್ಲಕ್ಕಿಂತ ಉತ್ತರದ್ದು. ಹತ್ತಿರದ್ದಾದ್ದರಿಂದ ಇಂಧನದ ಉಳಿತಾಯ, ಆದರೆ ಅಂದಿನ ಸೋವಿಯೆತ್ ರಶಿಯದ ಗಗನಸೀಮೆಗೆ ಒಂದು ಕಡೆಯಲ್ಲಿ ಮೂವತ್ತು ಕಿಲೋಮೀಟರಿಗಿಂತ ಕಡಿಮೆ ಅಂತರ. ನಕಾಶೆಗಳ ಮೇಲೆಯೇ ಎಚ್ಚರಿಕೆಯ ಮಾತು ಅಚ್ಚಾಗಿತ್ತು: ಈ ಸೀಮೆಯೊಳಗೆ ಬಂದ ವಿಮಾನವನ್ನು ಮುನ್ಸೂಚನೆಯಿಲ್ಲದೆ ಹೊಡೆಯಬಹುದು ಎಂದು.

ಒಂದು ತಿರುಗುಗುಂಡಿಯ ಸಂಗತಿ

ವಿಮಾನವನ್ನು ಹಾದಿಯ ಮೇಲೆ ನಡಿಸುವ ಕೆಲಸವು ಬಹುಮಟ್ಟಿಗೆ ಸ್ವಯಂಚಾಲಕ ಯಂತ್ರದ್ದು. ಆ ಯಂತ್ರಕ್ಕೆ ಯಾರ ಮಾತು ಕೇಳಬೇಕೆಂಬದನ್ನು ವೈಮಾನಿಕನು ಒಂದು ತಿರುಗುಗುಂಡಿಯಿಂದ ಗೊತ್ತುಮಾಡುವನು. ಗುಂಡಿಯು ಒಂದು ನೆಲೆಯಲ್ಲಿದ್ದರೆ ಯಂತ್ರವು ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು, ಎತ್ತ ಹೋಗುವೆನೆಂದು ವಿಚಾರಿಸದೆ ನೇರವಾಗಿ ಸಾಗುವದು. ಇನ್ನೊಂದು ನೆಲೆಯಲ್ಲಿದ್ದರೆ ಜಡತ್ವ ಮಾರ್ಗದರ್ಶಕವೆಂಬ ಉಪಕರಣದ ಮಾತು ಕೇಳುವದು. ಈ ಉಪಕರಣವು ವಿಜ್ಞಾನದ ಒಂದು ಸೋಜಿಗ. ಹೊರಡುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅದಕ್ಕೆ ಒಮ್ಮೆ ತಿಳಿಸಿಬಿಟ್ಟರೆ ಸಾಕು. ತಿರುಗುವ ಚಕ್ರಗಳ ನೆರವಿನಿಂದ ವಿಮಾನದ ಒಂದೊಂದು ಚಲನೆಯನ್ನೂ ಅಳೆದು, ಕೂಡಿಸಿ, ಎಲ್ಲಿದ್ದೇವೆಂಬದನ್ನು ಹೊರಗಿನ ಯಾವ ಸಹಾಯವೂ ಇಲ್ಲದೆ ತಾನೇ ಹೇಳಬಲ್ಲದು. ಇಂಥ ಉಪಕರಣಗಳು ಆ ವಿಮಾನದಲ್ಲಿ ಒಂದಲ್ಲ, ಮೂರಿದ್ದವು. ಒಂದು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮತ್ತೊಂದು.

ಆ ರಾತ್ರಿ ಮೂರೂ ಕೆಟ್ಟಿರಲಿಲ್ಲ. ಆದರೆ ಅವುಗಳ ಮಾತನ್ನು ಸ್ವಯಂಚಾಲಕವು ಕೇಳುತ್ತಲೇ ಇರಲಿಲ್ಲ. ಗುಂಡಿಯನ್ನು ತಿರುಗಿಸಲು ವೈಮಾನಿಕರು ಮರೆತರೋ, ಇಲ್ಲವೆ ತಿರುಗಿಸಿದಾಗ ವಿಮಾನವು ಆಗಲೇ ಹಾದಿಯಿಂದ ದೂರ ಸರಿದಿತ್ತೋ, ಎರಡರಲ್ಲಿ ಒಂದಾಗಿರಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವಿಚಾರಣೆಯು ಹೇಳುವದು. ಎರಡನೆಯ ಸಂಭವವನ್ನು ತಿಳಿಯಬೇಕಾದರೆ ಯಂತ್ರದ ಒಂದು ಕಟ್ಟಳೆಯನ್ನು ಅರಿಯಬೇಕು. ವಿಮಾನವು ಗೊತ್ತಾದ ಹಾದಿಯಿಂದ ಏಳೂವರೆ ನಾವಿಕ ಮೈಲುಗಳೊಳಗೆ, ಎಂದರೆ ಸುಮಾರು ೧೪ ಕಿಲೋಮೀಟರುಗಳೊಳಗೆ ಇದ್ದಾಗ ಮಾತ್ರ ಸ್ವಯಂಚಾಲಕವು ಮಾರ್ಗದರ್ಶಕಕ್ಕೆ ಅಂಟಿಕೊಳ್ಳುವದು. ಅದಕ್ಕೂ ದೂರವಿದ್ದರೆ ಗುಂಡಿಯನ್ನು ಸರಿಯಾದ ನೆಲೆಗೆ ತಿರುಗಿಸಿದರೂ ಯಂತ್ರವು ಹಳೆಯ ದಿಕ್ಕನ್ನೇ ಹಿಡಿದು ಸುಮ್ಮನೆ ಕಾಯುತ್ತಿರುವದು. ನೋಡುವವನ ಕಣ್ಣಿಗೆ ಗುಂಡಿಯು ಸರಿಯಾದ ಕಡೆಗೇ ಇರುವದು. ಕೆಲಸ ಮಾತ್ರ ನಡೆದಿರುವದಿಲ್ಲ. ಹುಕುಮು ಹೊರಟಿದೆ, ಜಾರಿಯಾಗಿಲ್ಲ. ಹುಕುಮು ಹೊರಡಿಸಿದವನು ಜಾರಿಯಾಯಿತೆಂದೇ ತಿಳಿದು ನಿಶ್ಚಿಂತನಾಗಿದ್ದಾನೆ. ಕಚೇರಿಗಳ ಬಲ್ಲಿದವರಿಗೆ ಈ ಸ್ಥಿತಿಯು ಅಪರಿಚಿತವಲ್ಲ.

ಕಾರಣವು ಯಾವದಾಗಿದ್ದರೂ ಪರಿಣಾಮವು ಒಂದೇ. ೨೪೫ ಡಿಗ್ರಿಯ ದಿಕ್ಕನ್ನು ಹಿಡಿದ ವಿಮಾನವು ಐದು ಗಂಟೆಗಳಿಗಿಂತ ಹೆಚ್ಚು ಕಾಲ ಅದನ್ನು ಬಿಡಲಿಲ್ಲ.

ಕಂಡೂ ಕಾಣದೆ ಹೋದ ಸೂಚನೆಗಳು

ತಪ್ಪು ಮಾಡುವದು ಮನುಷ್ಯಸ್ವಭಾವ. ಗುಂಡಿಯೊಂದನ್ನು ಮರೆತದ್ದೇ ಮಹಾಪರಾಧವೆಂದು ನಾವು ಹೇಳಲಾರೆವು. ಆದರೆ ಆ ತಪ್ಪನ್ನು ತಿದ್ದಿಕೊಳ್ಳುವದಕ್ಕೆ ಐದು ಗಂಟೆಗಳ ಅವಕಾಶವಿತ್ತು. ಬಾಗಿಲಿಗೆ ಬಂದು ತಟ್ಟಿದ ಸೂಚನೆಗಳೂ ಒಂದೆರಡಲ್ಲ. ಕರುಣೆಯು ಇಲ್ಲಿಗೆ ನಿಂತು ವಿಚಾರವು ಇಲ್ಲಿಂದ ಪ್ರಾರಂಭವಾಗಬೇಕು.

ಹೊರಟ ಐವತ್ತು ನಿಮಿಷಗಳ ಸುಮಾರಿಗೆ ಬೆಥೆಲ್ ಎಂಬ ಊರಿನ ಹತ್ತಿರ ವಿಮಾನವು ಹಾದಿಯಿಂದ ೧೨ ನಾವಿಕ ಮೈಲು ಉತ್ತರಕ್ಕಿತ್ತು. ಕಿಂಗ್ ಸಾಮನ್ ಎಂಬಲ್ಲಿಯ ಅಮೇರಿಕೆಯ ಸೇನೆಯ ರಾಡಾರು ಇದನ್ನು ಬರೆದುಕೊಂಡಿತು. ಆದರೆ ಪ್ರಯಾಣಿಕರ ವಿಮಾನಗಳಿಗೆ ದಾರಿ ಹೇಳುವದು ಆ ರಾಡಾರಿನವರ ಕೆಲಸವಾಗಿರಲಿಲ್ಲ. ದಾರಿ ಹೇಳತಕ್ಕವರಿಗೆ ಆ ಬರೆಹವು ಕಾಣುತ್ತಿರಲಿಲ್ಲ. ಬರೆದುಕೊಂಡದ್ದು ಬರೆಹವಾಗಿಯೇ ಉಳಿಯಿತು.

ಸಾಗರದ ಮೇಲೆ ನಾಬಿ ಎಂಬ ಗುರುತಿನ ಬಿಂದುವಿಗೆ ಬಂದಾಗ ತಪ್ಪು ಸುಮಾರು ೬೦ ಮೈಲಾಗಿತ್ತು; ನೀವಾ ಎಂಬ ಬಿಂದುವಿನ ಹೊತ್ತಿಗೆ ೧೬೦. ಈ ಬಿಂದುಗಳು ಬಂದಾಗಲೆಲ್ಲ ತಾವು ಅವುಗಳ ಮೇಲೆಯೇ ಇರುವೆವೆಂದು ವೈಮಾನಿಕರು ವರದಿ ಕೊಡುತ್ತಿದ್ದರು. ಸುಳ್ಳು ಹೇಳುವ ಉದ್ದೇಶ ಅವರದಾಗಿರಲಿಲ್ಲ. ಮುಂದಿನ ಬಿಂದುವಿಗೆ ಇನ್ನೆಷ್ಟು ದೂರವೆಂಬದನ್ನು ಉಪಕರಣವು ತೋರಿಸುತ್ತಿತ್ತು, ಎಷ್ಟು ಪಕ್ಕಕ್ಕೆ ಸರಿದಿರುವೆವೆಂಬದನ್ನೂ ಕೇಳಿದರೆ ತೋರಿಸುತ್ತಿತ್ತು. ಅವರು ಮೊದಲನೆಯದನ್ನು ನೋಡಿದರು, ಎರಡನೆಯದನ್ನು ಕೇಳಲಿಲ್ಲ.

ಹತ್ತಿರದ ನೆಲದ ಠಾಣೆಗೆ ಮಾತು ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ. ಅದೇ ಸಂಸ್ಥೆಯ ೦೧೫ ಸಂಖ್ಯೆಯ ವಿಮಾನವು ಸ್ವಲ್ಪ ಹೊತ್ತಿನ ತರುವಾಯ ಆಂಕರೇಜಿನಿಂದ ಹೊರಟು ಹಿಂದೆಯೇ ಬರುತ್ತಿತ್ತು. ಅದರ ಮುಖಾಂತರ ೦೦೭ರ ವರದಿಗಳು ನೆಲಕ್ಕೆ ಮುಟ್ಟಿದವು. ಹಾದಿಯ ಮೇಲಿರುವ ವಿಮಾನಕ್ಕೆ ಕೇಳಬೇಕಾದ ಧ್ವನಿಯು ತಮಗೇಕೆ ಕೇಳದೆಂಬ ಪ್ರಶ್ನೆಯು ಅಲ್ಲಿ ಹುಟ್ಟಬೇಕಾಗಿತ್ತು. ಎರಡು ವಿಮಾನದವರೂ ತಮ್ಮ ತಮ್ಮ ಗಾಳಿಯ ಬಗ್ಗೆ ಮಾತಾಡಿಕೊಂಡಾಗ ಒಬ್ಬರ ಗಾಳಿಗೂ ಮತ್ತೊಬ್ಬರ ಗಾಳಿಗೂ ಹೊಂದಿಕೆಯಿಲ್ಲವೆಂಬದು ಕಂಡುಬಂತು. ಕೆಲವೇ ನಿಮಿಷಗಳ ಅಂತರದಲ್ಲಿ ಒಂದೇ ಹಾದಿಯಲ್ಲಿ ಹೋಗುವವರಿಗೆ ಬೇರೆ ಬೇರೆ ಗಾಳಿ ಹೇಗೆ ಬೀಸೀತು? ಇಬ್ಬರೂ ಆಶ್ಚರ್ಯಪಟ್ಟರು, ಆಶ್ಚರ್ಯಪಟ್ಟು ಮುಂದೆ ಸಾಗಿದರು. ಮಳೆಮೋಡಗಳನ್ನು ತೋರಿಸುವ ರಾಡಾರನ್ನು ಕೆಳಮುಖವಾಗಿ ತಿರುಗಿಸಿದ್ದರೆ, ನೀರಿರಬೇಕಾದ ಕಡೆಯಲ್ಲಿ ಕಂಚಾಟ್ಕಾ ದ್ವೀಪಕಲ್ಪದ ನೆಲವು ಕಾಣಿಸಿಕೊಳ್ಳುತ್ತಿತ್ತು.

ಕೊನೆಯ ಅರ್ಧ ಗಂಟೆಯ ಮಾತುಕತೆಯು ಧ್ವನಿಮುದ್ರಣದಲ್ಲಿ ಉಳಿದಿದೆ. ಅದರಲ್ಲಿ ಗಾಬರಿಯ ಸುಳಿವಿಲ್ಲ. ವಿಮಾನನಿಲ್ದಾಣದಲ್ಲಿ ಹಣದ ವಿನಿಮಯ ಮಾಡಿಸುವ ವಿಷಯವಾಗಿ ಅವರು ಮಾತಾಡಿಕೊಂಡಿದ್ದಾರೆ. ಇದನ್ನು ಓದಿದಾಗ ಎದೆ ನಡುಗುವದು. ಕೆಡುಕು ಬರುವಾಗ ಗುಡುಗು ಮಿಂಚುಗಳೊಡನೆ ಬರುವದೆಂದು ನಾವು ತಿಳಿಯುತ್ತೇವೆ. ಅದು ಬರುವದು ಹೀಗೆ, ದಿನನಿತ್ಯದ ಮಾತುಕತೆಯ ನಡುವೆ, ಎಲ್ಲವೂ ಸರಿಯಾಗಿದೆಯೆಂಬ ವರದಿಗಳ ಹಿಂದೆ.

ಹೊಡೆದವರ ವಿಚಾರ

ಅತ್ತ ನೆಲದ ಮೇಲೆ ಇನ್ನೊಂದು ತಪ್ಪು ಬೆಳೆಯುತ್ತಿತ್ತು. ಆ ಕಾಲದಲ್ಲಿ ಅಮೇರಿಕೆಗೂ ಸೋವಿಯೆತ್ ರಾಜ್ಯಕ್ಕೂ ಇದ್ದ ದ್ವೇಷವನ್ನು ಶೀತಲ ಸಮರವೆಂದು ಕರೆಯುವದುಂಟು. ಅದೇ ರಾತ್ರಿ ಕಂಚಾಟ್ಕದ ಹೊರಗೆ ಅಮೇರಿಕೆಯ ಬೇಹಿನ ವಿಮಾನವೊಂದು ಸುತ್ತುತ್ತಿತ್ತು. ಸೋವಿಯೆತ್ ರಾಡಾರುಗಳಿಗೆ ಕಂಡ ಹೊಸ ಚುಕ್ಕೆಯನ್ನು ಅಲ್ಲಿಯ ಅಧಿಕಾರಿಗಳು ಅಂಥದೇ ಬೇಹಿನ ವಿಮಾನವೆಂದು ತಿಳಿದರು. ಕಂಚಾಟ್ಕದ ಮೇಲೆ ಬೆನ್ನಟ್ಟಿದ ಯುದ್ಧವಿಮಾನಗಳಿಗೆ ಅದು ಸಿಕ್ಕಲಿಲ್ಲ. ಸಖಾಲಿನ್ ದ್ವೀಪಕ್ಕೆ ಬಂದಾಗ, ಒಮ್ಮೆ ತಪ್ಪಿಸಿಕೊಂಡದ್ದು ಮತ್ತೊಮ್ಮೆ ತಪ್ಪಿಸಿಕೊಂಡರೆ ತಮ್ಮ ಗತಿಯೇನೆಂಬ ಭಯವು ಅಧಿಕಾರಿಗಳನ್ನು ಆವರಿಸಿತು. ಶಿಕ್ಷೆಗೆ ಅಂಜಿದ ಅಧಿಕಾರಿಯು ಸತ್ಯವನ್ನು ಹುಡುಕುವದಿಲ್ಲ, ಕೆಲಸವನ್ನು ಬೇಗ ಮುಗಿಸುವದನ್ನು ಹುಡುಕುವನು.

ಗೆನ್ನಾಡಿ ಓಸಿಪೊವಿಚ್ ಎಂಬ ಮೇಜರನು ಸುಖೋಯ್ ೧೫ ಯುದ್ಧವಿಮಾನದಲ್ಲಿ ಬೆನ್ನಟ್ಟಿದನು. ಅವನು ಎಚ್ಚರಿಕೆಗಾಗಿ ೨೦೦ಕ್ಕಿಂತ ಹೆಚ್ಚು ಗುಂಡುಗಳನ್ನು ಹಾರಿಸಿದನು. ಆದರೆ ಅವು ಇರುಳಿನಲ್ಲಿ ಬೆಳಕಿನ ಗೆರೆ ಬಿಡುವ ಜಾತಿಯವಾಗಿರಲಿಲ್ಲ. ಪ್ರಯಾಣಿಕರ ವಿಮಾನದವರಿಗೆ ಅವು ಕಾಣಲಿಲ್ಲ. ಅದೇ ವೇಳೆಗೆ ೦೦೭ರ ವೈಮಾನಿಕರು ಇಂಧನದ ಉಳಿತಾಯಕ್ಕಾಗಿ ೩೩,೦೦೦ ಅಡಿಗಳಿಂದ ೩೫,೦೦೦ ಅಡಿಗಳಿಗೆ ಏರಲು ಟೋಕಿಯೋ ಠಾಣೆಯ ಅನುಮತಿ ಕೇಳಿದರು, ಅನುಮತಿ ದೊರೆಯಿತು, ಏರಿದರು. ಏರುವಾಗ ವೇಗವು ತುಸು ತಗ್ಗಿತು. ಬೆನ್ನಟ್ಟಿದವನ ಕಣ್ಣಿಗೆ ಇದು ತಪ್ಪಿಸಿಕೊಳ್ಳುವ ಉಪಾಯವಾಗಿ ಕಂಡಿತು. ಒಬ್ಬನ ನಿತ್ಯಕರ್ಮವು ಇನ್ನೊಬ್ಬನಿಗೆ ಅಪರಾಧದ ಪುರಾವೆಯಾಯಿತು.

ಟೋಕಿಯೋ ಗಡಿಯಾರದಂತೆ ಸಪ್ಟೆಂಬರ ೧ರ ಬೆಳಗಿನ ಜಾವ ೩ ಗಂಟೆ ೨೬ ನಿಮಿಷಕ್ಕೆ ಕ್ಷಿಪಣಿಯು ಹೊಡೆಯಿತು. ವಿಮಾನವು ತನ್ನ ಹಾದಿಯಿಂದ ಆಗ ಐನೂರು ಕಿಲೋಮೀಟರಿಗಿಂತ ಹೆಚ್ಚು ದೂರವಿತ್ತು. ಅದು ಕೂಡಲೆ ಬೀಳಲಿಲ್ಲ. ವೈಮಾನಿಕರು ಅದನ್ನು ಹಿಡಿತಕ್ಕೆ ತರಲು ಹೆಣಗಿದರು. ಒಳಗಿನ ವಾಯುವಿನ ಒತ್ತಡ ಹೋಯಿತು, ಹತ್ತು ಸಾವಿರ ಅಡಿಗೆ ಇಳಿಯುತ್ತಿದ್ದೇವೆ ಎಂದು ಟೋಕಿಯೋಕ್ಕೆ ತಿಳಿಸಿದರು. ಸುಮಾರು ಹನ್ನೆರಡು ನಿಮಿಷಗಳ ತರುವಾಯ ಮೋನೆರಾನ್ ಎಂಬ ಸಣ್ಣ ದ್ವೀಪದ ಸಮೀಪದಲ್ಲಿ ಅದು ಸಮುದ್ರದ ಪಾಲಾಯಿತು. ಒಬ್ಬರೂ ಉಳಿಯಲಿಲ್ಲ. ಎರಡು ಸಾಲು ಕಿಟಕಿಗಳನ್ನು ತಾನು ಕಂಡಿದ್ದೆನೆಂದು ಓಸಿಪೊವಿಚ್ ಅನೇಕ ವರ್ಷಗಳ ಮೇಲೆ ಪತ್ರಿಕೆಯವರಿಗೆ ಹೇಳಿದನು.

ವೈಮಾನಿಕರ ತಪ್ಪನ್ನೂ ಹೊಡೆದವರ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದಾರಿ ತಪ್ಪಿ ಹೊಲಕ್ಕೆ ನುಗ್ಗಿದವನನ್ನು ಹೊಲದ ಒಡೆಯನು ಯಾರೆಂದು ಕೇಳದೆ ಕಡಿದು ಹಾಕಿದರೆ, ನುಗ್ಗಿದ್ದು ತಪ್ಪೇ ಅಹುದು. ಆದರೆ ಕೊಲೆಯ ಹೆಸರು ಕೊಲೆಯೇ. ಗುರುತಿಸಲು ಮಾಡಬಹುದಾಗಿದ್ದ ಪ್ರಯತ್ನಗಳನ್ನೆಲ್ಲ ಸೋವಿಯೆತ್ ಅಧಿಕಾರಿಗಳು ಮಾಡಲಿಲ್ಲವೆಂದು ವಿಚಾರಣೆಯೂ ತೀರ್ಮಾನಿಸಿತು.

ಸತ್ಯಕ್ಕೆ ಹತ್ತು ವರ್ಷ

ಮುಂದಿನ ಕಥೆಯು ಇನ್ನೂ ಖೇದಕರ. ಸೋವಿಯೆತ್ ಸರಕಾರವು ಮೊದಲು ವಿಮಾನವನ್ನು ಹೊಡೆದ ಸಂಗತಿಯನ್ನೇ ಬಾಯಿಬಿಡಲಿಲ್ಲ. ಸೀಮೆಯನ್ನು ಮೀರಿ ಬಂದ ವಿಮಾನವು ಜಪಾನಿನ ಸಮುದ್ರದ ಕಡೆಗೆ ಹಾರಿಹೋಯಿತೆಂದಿತು. ಸಪ್ಟೆಂಬರ ೬ಕ್ಕೆ ಒಪ್ಪಿಕೊಂಡಿತು. ಆದರೆ ಅದು ಬೇಹಿನ ಕೆಲಸಕ್ಕೆ ಬಂದದ್ದೆಂಬ ಹಟವನ್ನು ಬಿಡಲಿಲ್ಲ. ವಿಶ್ವರಾಷ್ಟ್ರ ಸಂಸ್ಥೆಯ ಭದ್ರತಾ ಸಮಿತಿಯಲ್ಲಿ ಬಂದ ಖಂಡನೆಯ ಠರಾವನ್ನು ತನ್ನ ನಿಷೇಧಾಧಿಕಾರದಿಂದ ಬೀಳಿಸಿತು. ಆ ವರ್ಷದ ಶರತ್ಕಾಲದಲ್ಲಿ ಅದರ ಮುಳುಗುಗಾರರು ಸಮುದ್ರದ ತಳದಿಂದ ವಿಮಾನದ ದಾಖಲೆಪೆಟ್ಟಿಗೆಗಳನ್ನು ಗುಟ್ಟಾಗಿ ಮೇಲಕ್ಕೆತ್ತಿದರು. ಅದರಲ್ಲಿ ಬೇಹಿನ ಪುರಾವೆಯೇನೂ ಸಿಕ್ಕಲಿಲ್ಲ. ಸಿಕ್ಕಿಲ್ಲವೆಂಬದನ್ನು ಲೋಕಕ್ಕೆ ಹೇಳುವ ಬದಲು ಪೆಟ್ಟಿಗೆಗಳನ್ನು ಬಚ್ಚಿಟ್ಟು, ಇತರರ ಕಣ್ಣಿಗೆ ಮಣ್ಣೆರಚಲು ಸಮುದ್ರದಲ್ಲಿ ಹುಡುಕಾಟದ ನಟನೆಯನ್ನು ಮುಂದುವರಿಸಿದರು.

ಅಮೇರಿಕೆಯ ಕೈಯೂ ಪೂರ್ತಿ ನಿರ್ಮಲವಾಗಿರಲಿಲ್ಲ. ಅಧ್ಯಕ್ಷ ರೇಗನ್ನರು ಇದನ್ನು ತಿಳಿದು ತಿಳಿದು ಮಾಡಿದ ಹತ್ಯಾಕಾಂಡವೆಂಬಂತೆ ಜಗತ್ತಿಗೆ ಸಾರಿದರು. ಆದರೆ ಹೊಡೆದವರಿಗೆ ಅದು ಪ್ರಯಾಣಿಕರ ವಿಮಾನವೆಂದು ಗೊತ್ತಿರಲಿಲ್ಲದೆ ಇರಬಹುದೆಂಬ ಅಭಿಪ್ರಾಯವು ಅವರದೇ ಗುಪ್ತಚಾರ ಇಲಾಖೆಗಳಲ್ಲಿತ್ತು. ಸಭೆಯ ಮುಂದಿಟ್ಟ ಸೋವಿಯೆತ್ ವೈಮಾನಿಕನ ಮಾತುಗಳ ಪ್ರತಿಯಲ್ಲಿ ಗುಂಡು ಹಾರಿಸಿದ ಸಂಗತಿಯು ಮೊದಲಿಗೆ ಇರಲಿಲ್ಲ. ಕೆಲವು ದಿನಗಳ ಮೇಲೆ ತಿದ್ದುಪಡಿಯಾಗಿ ಸೇರಿತು. ಐದು ವರ್ಷಗಳ ತರುವಾಯ, ೧೯೮೮ರ ಜುಲೈ ೩ಕ್ಕೆ, ಅದೇ ಅಮೇರಿಕೆಯ ವಿನ್ಸೆನ್ಸ್ ಎಂಬ ಯುದ್ಧನೌಕೆಯು ಪರ್ಶಿಯದ ಕೊಲ್ಲಿಯ ಮೇಲೆ ಇರಾನಿನ ೬೫೫ ಸಂಖ್ಯೆಯ ಪ್ರಯಾಣಿಕರ ವಿಮಾನವನ್ನು ಶತ್ರುವಿನ ಯುದ್ಧವಿಮಾನವೆಂದು ತಿಳಿದು ಹೊಡೆಯಿತು. ೨೯೦ ಜನ ಸತ್ತರು. ಅವರಲ್ಲಿ ಹತ್ತು ಮಂದಿ ಭಾರತೀಯರು. ಆ ವಿಮಾನವು ದಾರಿಯನ್ನು ಸಹ ತಪ್ಪಿರಲಿಲ್ಲ. ಪರರ ತಪ್ಪಿಗೆ ಇಟ್ಟ ಹೆಸರನ್ನು ತನ್ನ ತಪ್ಪಿಗೆ ಇಡುವ ಧೈರ್ಯವು ಬಲಾಢ್ಯ ರಾಜ್ಯಗಳಲ್ಲಿ ವಿರಳ.

ಸೋವಿಯೆತ್ ರಾಜ್ಯವು ಅಳಿದ ಮೇಲೆ, ೧೯೯೨ರಲ್ಲಿ, ರಶಿಯದ ಅಧ್ಯಕ್ಷ ಯೆಲ್ತ್ಸಿನ್ನರು ಗುಟ್ಟಿನ ಕಾಗದಗಳನ್ನು ಬಯಲಿಗಿಟ್ಟರು. ಧ್ವನಿ ಮತ್ತು ಪಯಣದ ಮುದ್ರಣಗಳು ೧೯೯೩ರ ಪ್ರಾರಂಭದಲ್ಲಿ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಕೈ ಸೇರಿದವು. ಒಂದೇ ದಿಕ್ಕನ್ನು ಹಿಡಿದು ಹಾರಿದ ಪಯಣವು ಅಲ್ಲಿ ಗೆರೆ ಎಳೆದಂತೆ ಕಂಡಿತು. ಹತ್ತು ವರ್ಷಗಳ ತನಕ ಬೇಹಿನ ಕಥೆಗಳು, ಒಳಸಂಚಿನ ಕಥೆಗಳು ಗ್ರಂಥಗಳ ರೂಪದಲ್ಲಿ ಹೊರಬಿದ್ದಿದ್ದವು. ಸತ್ತವರ ಮಕ್ಕಳೂ ತಂದೆತಾಯಿಗಳೂ ತಮ್ಮವರು ಏಕೆ ಸತ್ತರೆಂಬದನ್ನು ತಿಳಿಯದೆ ಹತ್ತು ವರ್ಷ ಕಳೆದರು. ಬಚ್ಚಿಟ್ಟ ಸತ್ಯವು ಬಚ್ಚಿಟ್ಟವರನ್ನು ಕಾಯಲಿಲ್ಲ. ಅನ್ಯರ ದುಃಖವನ್ನು ಮಾತ್ರ ಹೆಚ್ಚಿಸಿತು.

ಇದೊಂದೇ ಉದಾಹರಣೆಯಲ್ಲ

ಇದು ಅಪರೂಪದ ದುರ್ದೈವವೆಂದು ಯಾರಾದರೂ ಹೇಳಬಹುದು. ಹಾಗಲ್ಲ. ಇದೇ ಕೊರಿಯನ್ ಸಂಸ್ಥೆಯ ೯೦೨ ಸಂಖ್ಯೆಯ ವಿಮಾನವು ೧೯೭೮ರ ಏಪ್ರಿಲ್ ೨೦ಕ್ಕೆ ಪ್ಯಾರಿಸಿನಿಂದ ಹೊರಟು, ಉತ್ತರಧ್ರುವದ ಸಮೀಪದಲ್ಲಿ ದಿಕ್ಕು ತಪ್ಪಿ, ಆಂಕರೇಜಿಗೆ ಹೋಗುವ ಬದಲು ರಶಿಯದ ಕಡೆಗೆ ತಿರುಗಿತು. ಸೋವಿಯೆತ್ ಯುದ್ಧವಿಮಾನವು ಹೊಡೆದ ಮೇಲೂ ಅದರ ವೈಮಾನಿಕನು ಹೆಪ್ಪುಗಟ್ಟಿದ ಸರೋವರದ ಮೇಲೆ ಅದನ್ನು ಇಳಿಸಿದ್ದರಿಂದ ಇಬ್ಬರ ಹೊರತು ಉಳಿದವರು ಬದುಕಿದರು. ಐದು ವರ್ಷ ಮೊದಲೇ ಬಂದ ಈ ಎಚ್ಚರಿಕೆಯಿಂದ ಕಲಿಯತಕ್ಕದ್ದನ್ನು ಯಾರೂ ಪೂರ್ತಿಯಾಗಿ ಕಲಿಯಲಿಲ್ಲ.

ಬ್ರೆಜಿಲ್ ದೇಶದಲ್ಲಿ ೧೯೮೯ರ ಸಪ್ಟೆಂಬರ ೩ಕ್ಕೆ ವಾರಿಗ್ ಸಂಸ್ಥೆಯ ವಿಮಾನವೊಂದು ಮರಾಬಾ ಎಂಬ ಊರಿನಿಂದ ಉತ್ತರಕ್ಕಿರುವ ಬೆಲೆಮ್ ಪಟ್ಟಣಕ್ಕೆ ಹೊರಟಿತು. ಒಂದು ಗಂಟೆಗೂ ಕಡಿಮೆ ಅವಧಿಯ ಪಯಣ. ಕಾಗದದ ಮೇಲೆ ದಿಕ್ಕನ್ನು ೦೨೭೦ ಎಂದು ಅಚ್ಚುಮಾಡಿದ್ದರು. ಕೊನೆಯ ಅಂಕೆಯು ದಶಾಂಶವೆಂಬದು ಹೊಸ ಪದ್ಧತಿ. ೨೭ ಡಿಗ್ರಿ ಎಂಬದು ಅದರ ಅರ್ಥ. ಮುಖ್ಯ ವೈಮಾನಿಕನು ೨೭೦ ಎಂದು ಓದಿದನು. ಅವನ ಸಹಾಯಕನು ಕಾಗದವನ್ನು ತಾನೇ ನೋಡದೆ ಮೇಲಿನವನ ಯಂತ್ರದಲ್ಲಿದ್ದುದನ್ನೇ ತನ್ನದರಲ್ಲಿ ಇಟ್ಟುಕೊಂಡನು. ಉತ್ತರಕ್ಕೆ ಹೋಗಬೇಕಾದ ವಿಮಾನವು ಪಶ್ಚಿಮಕ್ಕೆ ಹೋಯಿತು. ಮುಳುಗುವ ಸೂರ್ಯನು ಎಡಗಡೆಯಲ್ಲಿರುವ ಬದಲು ಎದುರಿಗಿದ್ದನು. ಪ್ರಯಾಣಿಕರಲ್ಲಿ ಕೆಲವರಿಗೆ ಅದು ವಿಚಿತ್ರವೆನಿಸಿತು, ನಡೆಸುವವರಿಗೆ ಅನಿಸಲಿಲ್ಲ. ಇಂಧನ ತೀರಿ ರಾತ್ರಿಯಲ್ಲಿ ಅದು ಅರಣ್ಯದೊಳಗೆ ಬಿತ್ತು. ೫೪ ಜನರಲ್ಲಿ ಹೆಚ್ಚಿನವರು ಬದುಕಿದ್ದು ದೈವಕೃಪೆ. ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಗಾಯಗೊಂಡು ಉಳಿದವರಲ್ಲಿ ಕೆಲವರು ಕಾಡಿನಲ್ಲಿ ನಡೆದು ಹೋಗಿ ಮನುಷ್ಯವಸತಿಯನ್ನು ಮುಟ್ಟಿದ ಮೇಲೆಯೇ ನೆರವು ಬಂತು.

ನಮ್ಮ ದೇಶದಲ್ಲಿಯೂ ಇಂಥವು ನಡೆದಿವೆ. ೧೯೭೨ರ ಸಪ್ಟೆಂಬರದಲ್ಲಿ ಜಪಾನ್ ಏರ್ ಲೈನ್ಸಿನ ವಿಮಾನವೊಂದು ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣವೆಂದು ತಿಳಿದು ಹತ್ತಿರದ ಜುಹು ಎಂಬ ಸಣ್ಣ ಬಯಲಿನಲ್ಲಿ ಇಳಿದು, ಹಾದಿಯ ಕೊನೆಯನ್ನು ಮೀರಿ ಹೋಯಿತು. ಪ್ರಾಣಹಾನಿಯಾಗದ್ದು ಅದೃಷ್ಟ.

ದುಃಖದಿಂದ ಬಂದ ಫಲ

ಅಷ್ಟು ಜನ ಸತ್ತದ್ದರಿಂದ ಲೋಕವು ಕೆಲವು ಪಾಠಗಳನ್ನು ಕಲಿಯಿತು. ೦೦೭ ಬಿದ್ದ ಎರಡು ವಾರಗಳಲ್ಲಿ, ೧೯೮೩ರ ಸಪ್ಟೆಂಬರ ೧೬ಕ್ಕೆ, ಅಮೇರಿಕೆಯ ಸೇನೆಯು ಕಟ್ಟುತ್ತಿದ್ದ ಉಪಗ್ರಹಗಳ ಸ್ಥಾನಸೂಚನೆಯನ್ನು, ಎಂದರೆ ಜಿಪಿಎಸ್ ಎಂದು ಎಲ್ಲರೂ ಕರೆಯುವದನ್ನು, ಅದು ಸಿದ್ಧವಾದ ಕೂಡಲೆ ಎಲ್ಲ ದೇಶಗಳ ನಾಗರಿಕರಿಗೂ ಉಚಿತವಾಗಿ ಕೊಡುವದಾಗಿ ಆ ಸರಕಾರವು ಸಾರಿತು. ೧೯೮೪ರ ಮೇ ೧೦ಕ್ಕೆ ಮಾಂಟ್ರಿಯಲ್ಲಿನಲ್ಲಿ ಸೇರಿದ ರಾಷ್ಟ್ರಗಳು, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಯಾವ ರಾಜ್ಯವೂ ಶಸ್ತ್ರ ಪ್ರಯೋಗಿಸಕೂಡದೆಂಬ ಕಲಮನ್ನು ಶಿಕಾಗೋ ಒಪ್ಪಂದಕ್ಕೆ ಸೇರಿಸಿದವು. ಅದು ೧೯೯೮ರಲ್ಲಿ ಜಾರಿಗೆ ಬಂತು. ಟೋಕಿಯೋ, ಆಂಕರೇಜ್, ಖಬಾರೊವ್ಸ್ಕ್ ಠಾಣೆಗಳು ಒಬ್ಬರೊಡನೊಬ್ಬರು ಮಾತಾಡುವಂತೆ ೧೯೮೫ರಲ್ಲಿ ಮೂರು ರಾಜ್ಯಗಳೂ ಒಪ್ಪಿದವು. ಸ್ವಯಂಚಾಲಕವು ಯಾರ ಮಾತು ಕೇಳುತ್ತಿದೆಯೆಂಬದನ್ನು ವೈಮಾನಿಕನ ಕಣ್ಣೆದುರಿಗೆ ಸ್ಪಷ್ಟವಾಗಿ ತೋರಿಸುವ ಏರ್ಪಾಟಾಯಿತು.

ಈ ಫಲದಲ್ಲಿ ನಮಗೂ ಪಾಲುಂಟು. ಉಪಗ್ರಹಗಳ ಸೂಚನೆಯಲ್ಲಿ ಉಳಿಯುವ ಸಣ್ಣ ಲೋಪಗಳನ್ನು ತಿದ್ದಿ ವಿಮಾನಗಳಿಗೆ ಕೊಡುವ ಗಗನ್ ಎಂಬ ವ್ಯವಸ್ಥೆಯನ್ನು ಭಾರತದ ಬಾಹ್ಯಾಕಾಶ ಸಂಸ್ಥೆಯೂ ವಿಮಾನನಿಲ್ದಾಣ ಪ್ರಾಧಿಕಾರವೂ ಕೂಡಿ ಕಟ್ಟಿವೆ. ಅದರ ಮುಖ್ಯ ನಿಯಂತ್ರಣ ಕೇಂದ್ರವು ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಕನ್ನಡಿಗರು ಇದಕ್ಕಾಗಿ ಹೆಮ್ಮೆಪಡುವದು ಯೋಗ್ಯವೇ.

ಆದರೆ ಹೆಮ್ಮೆಯು ನಿದ್ದೆಯಾಗಬಾರದು. ಕಲಮು ಬರೆದ ಮಾತ್ರಕ್ಕೆ ಕ್ಷಿಪಣಿಗಳು ನಿಲ್ಲಲಿಲ್ಲ: ೨೦೧೪ರಲ್ಲಿ ಯುಕ್ರೇನಿನ ಮೇಲೆ ಮಲೇಷಿಯದ ವಿಮಾನವು ೨೯೮ ಜನರೊಡನೆ, ೨೦೨೦ರಲ್ಲಿ ತೆಹರಾನಿನ ಹತ್ತಿರ ಯುಕ್ರೇನಿನ ವಿಮಾನವು ೧೭೬ ಜನರೊಡನೆ ಕ್ಷಿಪಣಿಗಳಿಗೆ ಆಹುತಿಯಾದವು. ಉಪಗ್ರಹದ ಸೂಚನೆಯೂ ಇಂದು ಕೈತಪ್ಪದ ದೀಪವಲ್ಲ. ೨೦೨೩ರಿಂದೀಚೆಗೆ ಪಶ್ಚಿಮ ಏಶಿಯದ ಕಾಳಗದ ಸೀಮೆಗಳ ಮೇಲೆ ಸುಳ್ಳು ಸಂಕೇತಗಳನ್ನು ಬಿಟ್ಟು ವಿಮಾನಗಳಿಗೆ ಅವು ಇಲ್ಲದ ಸ್ಥಳವನ್ನು ತೋರಿಸುವ ಕುಯುಕ್ತಿಯು ಹೆಚ್ಚಿತು. ಆ ವರ್ಷದ ನವೆಂಬರದಲ್ಲಿ ನಮ್ಮ ವಿಮಾನಯಾನ ಮಹಾನಿರ್ದೇಶನಾಲಯವು ಈ ವಿಷಯವಾಗಿ ಸೂಚನಾಪತ್ರವನ್ನು ಹೊರಡಿಸಬೇಕಾಯಿತು. ಒಂದೇ ಯಂತ್ರವನ್ನು ನಂಬಿ ಕುಳಿತವನಿಗೆ ಅಂದು ಇದ್ದ ಅಪಾಯವು ಇಂದೂ ಇದೆ, ರೂಪವಷ್ಟೇ ಬೇರೆ.

ನಾವು ಗ್ರಹಿಸಬೇಕಾದದ್ದು

ಇವೆಲ್ಲವುಗಳಿಂದ ತಿಳಿಯಬೇಕಾದದ್ದೇನು? ಮೊದಲನೆಯದಾಗಿ, ಇಬ್ಬರು ಮೂವರು ನೋಡಿದರೆಂದ ಮಾತ್ರಕ್ಕೆ ಪರೀಕ್ಷೆಯಾಯಿತೆಂದಲ್ಲ. ಒಬ್ಬನು ಬರೆದ ಅಂಕೆಯನ್ನು ಇನ್ನೊಬ್ಬನು ನಕಲು ಮಾಡಿದರೆ ಕಣ್ಣುಗಳು ನಾಲ್ಕಾದರೂ ನೋಟವು ಒಂದೇ. ಬ್ರೆಜಿಲಿನ ಸಹಾಯಕ ವೈಮಾನಿಕನು ಮೇಲಿನವನ ಯಂತ್ರವನ್ನು ಬಿಟ್ಟು ಕಾಗದವನ್ನು ನೋಡಿದ್ದರೆ ಆ ದಿನದ ಕಥೆಯು ಬೇರೆಯಾಗುತ್ತಿತ್ತು. ನಮ್ಮ ಕಚೇರಿಗಳಲ್ಲಿ ಒಂದು ಕಾಗದದ ಮೇಲೆ ಐದು ಸಹಿಗಳು ಬೀಳುವವು. ಮೊದಲನೆಯ ಗುಮಾಸ್ತನ ಟಿಪ್ಪಣಿಯನ್ನು ಬಿಟ್ಟು ಮೂಲ ಲೆಕ್ಕವನ್ನು ನೋಡಿದವರು ಅವರಲ್ಲಿ ಎಷ್ಟು ಮಂದಿಯೆಂದು ಕೇಳಿಕೊಳ್ಳುವದು ಒಳಿತು. ಸೇತುವೆಯ ಅಳತೆಯಲ್ಲಾಗಲಿ, ಔಷಧದ ಪ್ರಮಾಣದಲ್ಲಾಗಲಿ, ಭೂಮಿಯ ಖಾತೆಯಲ್ಲಾಗಲಿ ಒಂದು ಅಂಕೆಯು ಸ್ಥಳ ತಪ್ಪಿದರೆ ಅದರ ಫಲವನ್ನು ಉಣ್ಣುವವರು ಸಹಿ ಹಾಕಿದವರಲ್ಲ.

ಎರಡನೆಯದಾಗಿ, ಆಶ್ಚರ್ಯವು ಅಮೂಲ್ಯವಾದ ಸೂಚನೆ. ಗಾಳಿಯು ಹೊಂದಲಿಲ್ಲ, ಧ್ವನಿಯು ಮುಟ್ಟಲಿಲ್ಲ, ಸೂರ್ಯನು ತಪ್ಪು ಕಡೆಗೆ ಇದ್ದನು. ಈ ಕ್ಷಣಗಳಲ್ಲಿ ಯಾರಾದರೊಬ್ಬರು ನಿಂತು, ಇದೇಕೆ ಹೀಗೆ ಎಂದು ಕೇಳಿದ್ದರೆ ಸಾಕಾಗಿತ್ತು. ಕೇಳುವ ಕಿರಿಯನನ್ನು ಗದರಿಸದ ಹಿರಿಯನೂ ಅಲ್ಲಿರಬೇಕು. ಕಿರಿಯರ ಸಂಶಯವನ್ನು ಉದ್ಧಟತನವೆಂದು ಎಣಿಸುವ ಕಡ್ಡಾಯದ ವಿನಯವು ವಿಮಾನದಲ್ಲಿಯೂ ಕೆಡುಕು, ರಾಜ್ಯಭಾರದಲ್ಲಿಯೂ ಕೆಡುಕು.

ಮೂರನೆಯದಾಗಿ, ತಪ್ಪು ಒಪ್ಪಿಕೊಂಡ ರಾಜ್ಯದ ಮಾನವು ಹೋಗುವದಿಲ್ಲ. ಬಚ್ಚಿಟ್ಟ ರಾಜ್ಯದ ಮಾನವು ಪೆಟ್ಟಿಗೆ ತೆರೆದ ದಿನ ಹೋಗಿಯೇ ಹೋಗುವದು. ಅಪಘಾತವಾದ ಮೇಲೆ ಸತ್ತವರ ಬಂಧುಗಳಿಗೆ ಸರಕಾರವು ಕೊಡಬೇಕಾದ ಮೊದಲ ಪರಿಹಾರವೆಂದರೆ ಸತ್ಯ. ಹಣವು ಅದರ ತರುವಾಯದ್ದು.

ಮೋನೆರಾನಿನ ಸಮೀಪದ ಆ ಸಮುದ್ರದಲ್ಲಿ ಸತ್ತವರ ಗೋರಿಗಳಿಲ್ಲ. ಜಪಾನಿನ ಉತ್ತರದ ತುದಿಯಲ್ಲಿರುವ ವಕ್ಕನಾಯ್ ಪಟ್ಟಣದ ಸೋಯಾ ಭೂಶಿರದ ಮೇಲೆ ಅವರ ನೆನಪಿಗಾಗಿ ಒಂದು ಪ್ರಾರ್ಥನಾ ಸ್ತಂಭವನ್ನು ನಿಲ್ಲಿಸಿದ್ದಾರೆ. ಆದರೆ ಸತ್ತವರ ನಿಜವಾದ ಸ್ಮಾರಕವು ಜೀವಂತ ಮನುಷ್ಯರ ಎಚ್ಚರದಲ್ಲಿರುವದು. ಕೈಯಲ್ಲಿರುವ ಕಾಗದವನ್ನು ಇನ್ನೊಮ್ಮೆ ಓದುವ ಗುಮಾಸ್ತನೂ, ಗುಂಡಿಯನ್ನು ಇನ್ನೊಮ್ಮೆ ನೋಡುವ ವೈಮಾನಿಕನೂ, ಕತ್ತಲೆಯಲ್ಲಿ ಬಂದವನು ಯಾರೆಂದು ಇನ್ನೊಮ್ಮೆ ಕೇಳುವ ಸೈನಿಕನೂ ಆ ಸ್ಮಾರಕವನ್ನು ದಿನದಿನವೂ ಕಟ್ಟುತ್ತಾರೆ.